ಅರಿಷಿಣ ಮುಚ್ಚಾಕ ಓಡುವ ಹೊತ್ತು

ಕೃಷ್ಣೆಯ ದಂಡೆಗಿರುವ ಕಸಬೆ ಡಿಗ್ರಜದಲ್ಲಿ ಏಪ್ರಿಲ್ ತಿಂಗಳೆಂದರೆ ಅರಿಷಿಣದ ಎರಡು ಕೆಲಸ ಒಂದಕ್ಕೊಂದು ತಾಗುವ ಕಾಲ. ಹಿಂದಿನ ಬೆಳೆ ಕುದಿಸಿ ಬಯಲಿಗೆ ಒಣಹಾಕಿದ್ದು ಕೆಲವರದು ಇನ್ನೂ ಕಣದಲ್ಲೇ ಇರುತ್ತದೆ. ಅಕ್ಷಯ ತೃತೀಯಾ ಹತ್ತಿರ ಬಂದಂತೆ ಹೊಸ ಬೀಜ ಊರುವ ಅವಸರವೂ ಶುರು. ಅಡ್ಡಮಳಿ ಬರುವುದೂ ಇದೇ ಹೊತ್ತಿಗೆ. ಮರಾಠಿಯಲ್ಲಿ ಇದಕ್ಕೆ ವಳೀವ್ ಎನ್ನುತ್ತಾರೆ. ಮಧ್ಯಾಹ್ನದ ತನಕ ಉರಿ ಬಿಸಿಲು, ಮೂರು ನಾಲ್ಕು ಗಂಟೆಗೆ ಮೋಡ ಕಪ್ಪಿಟ್ಟು ಗಾಳಿ ಏಳುತ್ತದೆ. "ಲಗೂನ ಮುಚ್ರಿ, ಬಣ್ಣ ಹೋಗ್ತೈತಿ" ಎನ್ನುತ್ತ ಮನೆಮಂದಿಯೆಲ್ಲ ತಾಡಪತ್ರಿ ಹಿಡಿದು ಕಣಕ್ಕೆ ಓಡುವುದು ಪ್ರತಿವರ್ಷದ ಮಾತು.

ಓಡದೆ ಇರಲಿಕ್ಕೂ ಆಗುವುದಿಲ್ಲ. ಒಣಗಿದ ಅರಿಷಿಣ ತೊಯ್ದರೆ ಬಣ್ಣ ಕೆಡುತ್ತದೆ, ಸಾಂಗ್ಲಿ ಯಾರ್ಡಿನಲ್ಲಿ ದರ ಬೀಳುತ್ತದೆ. ಇದು ಡಿಗ್ರಜದವರಿಗಷ್ಟೇ ಅಲ್ಲ, ಅಲ್ಲಿಗೇ ಮಾಲು ಕಳಿಸುವ ಗೋಕಾಕ, ಮೂಡಲಗಿ, ರಾಯಬಾಗದ ಕಡೆಯವರಿಗೂ ಗೊತ್ತಿದ್ದ ಲೆಕ್ಕ. ಆದರೆ ಈ ಓಟದ ಇನ್ನೊಂದು ಲೆಕ್ಕವನ್ನು ಯಾರೂ ಹಾಕುವುದಿಲ್ಲ. 2022ರಲ್ಲಿ ದೇಶದಾಗ ಸಿಡಿಲಿಗೆ ಸತ್ತವರು 2,800ಕ್ಕೂ ಹೆಚ್ಚು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ವರದಿ. ಹೆಚ್ಚಿನವರು ಬಯಲಿನಲ್ಲಿ ದುಡಿಯುವ ಹಳ್ಳಿಯವರೇ.

ಮಳೆ ಇನ್ನೂ ದೂರ ಇದೆ, ಮುಚ್ಚಿ ಬರೋಣ ಎಂದು ಹೊರಡುವುದರಲ್ಲೇ ಮೋಸ ಇದೆ. ಮಳೆ ಬೀಳುವ ಜಾಗ ಬಿಟ್ಟು ಹತ್ತು ಕಿಲೋಮೀಟರ್ ಆಚೆಗೂ ಸಿಡಿಲು ಬೀಳಬಹುದು. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ, ಗುಡುಗು ಕೇಳುವ ತನಕ. ಸಪ್ಪಳ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಒಂಬತ್ತು ಎಣಿಸಿದರೆ ಸಿಡಿಲು ಮೂರು ಕಿಲೋಮೀಟರ್ ದೂರ. ಮೂವತ್ತರ ಒಳಗೆ ಗುಡುಗು ಕೇಳಿದರೆ ಆಗಲೇ ನೀವು ಅದರ ಟಪ್ಪಿಯೊಳಗೆ ಇದ್ದೀರಿ. ಖರೇ ಹೇಳಬೇಕೆಂದರೆ ಎಣಿಸುತ್ತ ನಿಲ್ಲುವುದೂ ಬೇಡ. ಗುಡುಗು ಕಿವಿಗೆ ಬಿದ್ದರೆ ಸಾಕು, ಒಳಗೆ ನಡೆಯಬೇಕು. ತಾಡಪತ್ರಿ ಹಾಸುವುದಿದ್ದರೆ ಮೋಡ ಕಟ್ಟುವಾಗಲೇ ಹಾಸಬೇಕು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಮೊಬೈಲಿನಲ್ಲಿದ್ದರೆ ಸಮೀಪದ ಸಿಡಿಲಿನ ಸೂಚನೆ ಸಿಗುತ್ತದೆ. ಮೊಬೈಲು ಸಿಡಿಲನ್ನು ಎಳೆಯುತ್ತದೆ ಎಂಬುದು ಸುಳ್ಳು. ಚಾರ್ಜಿಗೆ ಹಚ್ಚಿ ಮಾತಾಡುವುದು ಮಾತ್ರ ಬೇಡ.

ಒಳಗೆ ಅಂದರೆ ಎಲ್ಲಿ? ಬೇವು, ಮಾವು, ಹುಣಸೆ ಮರದ ಬುಡಕ್ಕಂತೂ ಅಲ್ಲ. ಬಯಲಿನಲ್ಲಿ ಎತ್ತರ ನಿಂತದ್ದು ಅದೇ. ಮರಕ್ಕೆ ಬಿದ್ದ ಸಿಡಿಲು ಬದಿಗೆ ನಿಂತವರ ಮೈಗೆ ಜಿಗಿಯುತ್ತದೆ, ಬೇರಿನಿಂದ ಸುತ್ತಲ ನೆಲಕ್ಕೂ ಹರಡುತ್ತದೆ. ದನ ಹೆಚ್ಚು ಸಾಯುವುದು ಈ ನೆಲದ ವಿದ್ಯುತ್ತಿನಿಂದ. ಮುಂದಿನ ಕಾಲು ಹಿಂದಿನ ಕಾಲಿನ ನಡುವೆ ಅಂತರ ಜಾಸ್ತಿ, ಆ ದಾರಿಯಲ್ಲೇ ಎದೆಗುಂಡಿಗೆ. ಮೋಡ ಕಂಡಾಗ ಎತ್ತುಗಳನ್ನು ಮರಕ್ಕೆ ಕಟ್ಟಬಾರದು ಎನ್ನುವುದು ಅದಕ್ಕೇ. ದ್ರಾಕ್ಷಿ ಪಡದವರಿಗೆ ಬೇರೆಯೇ ಅಪಾಯ. ಕಬ್ಬಿಣದ ಆ್ಯಂಗಲ್‌ಗೆ ಬಿಗಿದ ತಂತಿ ಸಾಲುದ್ದಕ್ಕೂ ಓಡಿರುತ್ತದೆ, ಆ ತುದಿಗೆ ಬಿದ್ದ ಸಿಡಿಲು ಈ ತುದಿಗೆ ಹಿಡಿದವನನ್ನು ಮುಟ್ಟುತ್ತದೆ. ನಾಲ್ಕೂ ಕಡೆ ಬಯಲಾದ ಒಣದ್ರಾಕ್ಷಿ ಶೆಡ್ಡು ಮಳೆಗೆ ಆಸರೆ, ಸಿಡಿಲಿಗಲ್ಲ. ಟ್ರ್ಯಾಕ್ಟರಿಗೆ ಮುಚ್ಚಿದ ಕ್ಯಾಬಿನ್ ಇಲ್ಲದಿದ್ದರೆ ಇಳಿದುಬಿಡಬೇಕು, ಹೊಳೆಯಲ್ಲಿದ್ದರೆ ಮೇಲೆ ಬರಬೇಕು. ಗೋಡೆ-ಮಾಳಿಗೆಯ ಪಕ್ಕಾ ಮನೆ, ಗಾಜು ಏರಿಸಿದ ಕಾರು, ಇಲ್ಲವೇ ರಸ್ತೆಯಲ್ಲಿ ನಿಂತ ಎಸ್‌ಟಿ ಬಸ್ಸು ಮೇಲು. ಏನೂ ಸಿಗದಿದ್ದರೆ ಕಡೆಯ ಉಪಾಯವಾಗಿ ತಗ್ಗಿನಲ್ಲಿ ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂಡಬೇಕು, ಮಲಗಬಾರದು. ಕಡೆಯ ಗುಡುಗು ಕೇಳಿ ಅರ್ಧ ತಾಸು ಆಗುವ ತನಕ ಕಣದ ಕಡೆ ಹೋಗಬಾರದು. ಬಿಸಿಲು ಬಿದ್ದಿತೆಂದು ಹತ್ತು ನಿಮಿಷಕ್ಕೇ ಹೊರಬೀಳುವವರೇ ಹೆಚ್ಚು!

ಮರಾಠಿಯಲ್ಲಿ ಮೋಟರಿನ ಕರೆಂಟೂ 'ವೀಜ', ಆಕಾಶದ ಮಿಂಚೂ 'ವೀಜ'. ಸ್ಟಾರ್ಟರ್ ಪೆಟ್ಟಿಗೆಯ ವೀಜಕ್ಕೆ ನಾವು ಹೆದರುತ್ತೇವೆ, ಫ್ಯೂಜ್ ತೆಗೆಯದೆ ಶಾಕ್ ಹೊಡೆದವನನ್ನು ಮುಟ್ಟುವುದಿಲ್ಲ. ಅದು ಸರಿ. ಆದರೆ ಸಿಡಿಲು ಬಡಿದವನನ್ನೂ ಹಾಗೇ ಮುಟ್ಟದೆ ಸುತ್ತ ನಿಲ್ಲುತ್ತಾರಲ್ಲ, ಅಲ್ಲೇ ಜೀವ ಹೋಗುತ್ತದೆ. ಸಿಡಿಲು ಬಂದಷ್ಟೇ ಬೇಗ ಹೋಗಿರುತ್ತದೆ, ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಿದರೆ ಏನೂ ಆಗದು. ಉಸಿರು ನಿಂತಿದ್ದರೆ ಎದೆಯ ನಡುವೆ ಅಂಗೈ ಮೇಲೆ ಅಂಗೈ ಇಟ್ಟು, ಎರಡು ಇಂಚು ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಅಂಬ್ಯುಲೆನ್ಸ್ ಬರುವ ತನಕ ಬಿಡಬಾರದು. 108 ನಂಬರು ಗಡಿಯ ಈಚೆಗೂ ಅದೇ, ಆಚೆಗೂ ಅದೇ. ಕೆಲವು ಕಡೆ ಸಗಣಿಯಲ್ಲಿ ಹೂಳುವ ರೂಢಿ ಇದೆ. ಅದರಿಂದ ಹಾಳಾಗುವುದು ಆ ಐದು ನಿಮಿಷವೇ.

ಸಾವು ಸಂಭವಿಸಿದರೆ ಮಹಾರಾಷ್ಟ್ರದಲ್ಲಿ ವಾರಸುದಾರರಿಗೆ 4 ಲಕ್ಷ ರೂಪಾಯಿ ಸರಕಾರಿ ನೆರವು ಉಂಟು. ದುಃಖದಲ್ಲಿ ಮಣ್ಣು ಮಾಡಿ ಮುಗಿಸಿದರೆ ಅದು ಕೈಗೆ ಬರುವುದು ಕಷ್ಟ, ಪೋಸ್ಟ್‌ಮಾರ್ಟಂ ಮತ್ತು ಪಂಚನಾಮೆ ಬೇಕೇ ಬೇಕು. ದನ ಸತ್ತರೂ ಪಶುವೈದ್ಯರನ್ನು ಕರೆಸಿ, ತಲಾಠಿಗೆ ತಿಳಿಸಬೇಕು. ಮನೆ ಅಥಣಿಯಲ್ಲಿ, ಹೊಲ ಮಿರಜದಲ್ಲಿ ಇದ್ದವರು ಮೊದಲು ಓಡಬೇಕಾದ್ದು ಘಟನೆ ನಡೆದ ತಾಲೂಕಿನ ತಹಶೀಲ ಕಚೇರಿಗೆ.