ಕಂಪ್ಯೂಟರ್ ಜಾಲಕ್ಕೂ ಬೇಕು ಆನೆಕಂದಕ

ನಾಗರಹೊಳೆ ಕಾಡಿನಂಚಿನ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ರೈತರಿಗೆ ಆನೆಕಂದಕದ ಮಹತ್ವ ಹೇಳಬೇಕಿಲ್ಲ. ಒಂದೆಡೆ ಮಣ್ಣು ಕುಸಿದರೂ ಸಾಕು, ಆನೆ ಅಲ್ಲಿಂದಲೇ ಹೊಲಕ್ಕಿಳಿಯುತ್ತದೆ. ಕೆ.ಆರ್. ನಗರದ ನಾಲೆಯ ತೂಬು ಬೇಕಾದಷ್ಟೇ ನೀರು ಬಿಡುತ್ತದೆ. ಶಾಲಾ ಕಾಲೇಜುಗಳ ಕಂಪ್ಯೂಟರ್ ಜಾಲಕ್ಕೆ ಇಂಟರ್‌ನೆಟ್ ಬಂದಾಗ ಈ ಎರಡೂ ಕೆಲಸ ಮಾಡುವುದು ‘ಫೈರ್‌ವಾಲ್’.

2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಕುತಂತ್ರಾಂಶ 445ನೇ ಪೋರ್ಟ್ ಎಂಬ ಬಾಗಿಲಿನಿಂದ ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೇ ತತ್ತರಿಸಿದವು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ನೀಡಿತ್ತು, ಅಳವಡಿಸಿಕೊಳ್ಳದವರು ಕೆಟ್ಟರು. ಅಂಕಪಟ್ಟಿ, ವಿದ್ಯಾರ್ಥಿವೇತನದ ದಾಖಲೆಗಳಿರುವ ಕಂಪ್ಯೂಟರಿಗೂ ಇಂಥ ಅಪಾಯ ತಪ್ಪಿದ್ದಲ್ಲ.

ಹಾಗಾದರೆ ಆಯ್ಕೆ ಹೇಗೆ? ಬೆಲೆಗಿಂತ ಮೊದಲು ಮೂರು ಪ್ರಶ್ನೆ ಕೇಳಬೇಕು. ಅನುಮತಿ ಇಲ್ಲದ ಹೊರಗಿನ ಸಂಪರ್ಕವನ್ನೆಲ್ಲ ಅದು ತಾನಾಗಿ ತಡೆಯುತ್ತದೆಯೇ? ಕಚೇರಿಯ ಕಂಪ್ಯೂಟರುಗಳನ್ನು ವಿದ್ಯಾರ್ಥಿಗಳ ಲ್ಯಾಬಿನಿಂದ ಬೇರ್ಪಡಿಸುತ್ತದೆಯೇ? ಕೊಂಡ ಮೇಲೆ ವರ್ಷವರ್ಷವೂ ತೆರಬೇಕಾದ ಶುಲ್ಕವೆಷ್ಟು?

ಹಣದ ಅಡಚಣೆ ಇದ್ದರೆ ‘ಪಿಎಫ್‌ಸೆನ್ಸ್’, ‘ಒಪಿಎನ್‌ಸೆನ್ಸ್’ನಂಥ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಎರಡು ನೆಟ್‌ವರ್ಕ್ ಕಾರ್ಡುಗಳಿರುವ 64 ಬಿಟ್‌ನ ಹಳೆಯ ಕಂಪ್ಯೂಟರೂ ಸಾಕಾದೀತು. ಆದರೆ ನಿಯಮ ಬರೆಯಬಲ್ಲ, ಕಾಲಕಾಲಕ್ಕೆ ನವೀಕರಿಸಬಲ್ಲ ಒಬ್ಬರು ಹತ್ತಿರದಲ್ಲೇ ಇರಬೇಕು. ಅಂಥವರಿಲ್ಲದ ಕಡೆ ನಿರ್ವಹಣೆಯ ಹೊಣೆ ಹೊರುವ ಮಾರಾಟಗಾರನೇ ಲೇಸು.

ಪೆನ್‌ಡ್ರೈವ್‌ನಲ್ಲಿ ಬಂದ ವೈರಸ್ಸನ್ನಾಗಲಿ, ಫೋನಿನಲ್ಲಿ ಕೊಟ್ಟ ಪಾಸ್‌ವರ್ಡನ್ನಾಗಲಿ ಯಾವ ಫೈರ್‌ವಾಲೂ ತಡೆಯದು. ಆ ಕಾವಲು ವಿದ್ಯಾರ್ಥಿಗಳದೇ. ಮುಂದಿನ ಪೋಷಕರ ಸಭೆಯಲ್ಲಿ ಒಂದು ಮಾತು ಕೇಳಿ: ‘ನಮ್ಮ ಶಾಲೆಯ ಜಾಲಕ್ಕೆ ಕಾವಲುಗಾರ ಯಾರು?’