ಮನೆ ಸಾಲಕ್ಕೆ ಮುನ್ನ ಸಾಲದ ವರದಿ ನೋಡಿರಿ

ಮನೆ ಕಟ್ಟಲು ಬ್ಯಾಂಕಿಗೆ ಅರ್ಜಿ ಹಾಕುವ ಮೊದಲು ನಿಮ್ಮ ಸಾಲದ ವರದಿಯನ್ನು ತರಿಸಿ ನೋಡಿರಿ. ಸಿಬಿಲ್ ಮೊದಲಾದ ನಾಲ್ಕು ಸಂಸ್ಥೆಗಳಲ್ಲಿ ಪ್ರತಿಯೊಂದೂ ಇದನ್ನು ವರ್ಷಕ್ಕೊಮ್ಮೆ ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಮೊಬೈಲಿನಲ್ಲೇ ಪಡೆಯಬಹುದು. ಅಂಕ 300ರಿಂದ 900ರವರೆಗೆ, ಹೆಚ್ಚಿದ್ದಷ್ಟೂ ಒಳ್ಳೆಯದು.

ಅಂಕ ನೋಡಿ ಬಿಡದೆ ಒಳಗಿನ ವಿವರವನ್ನೂ ಓದಿರಿ. ತೀರಿಸಿದ ಬೆಳೆಸಾಲ ಇನ್ನೂ ಬಾಕಿಯೆಂದೇ ಇದೆಯೇ? ನೆಂಟರಿಗೆ ನೀವು ಜಾಮೀನು ನಿಂತ ಸಾಲ ಸುಸ್ತಿಯಾಗಿದೆಯೇ? ಅದೂ ನಿಮ್ಮ ವರದಿಯಲ್ಲಿ ಕಾಣುತ್ತದೆ. ಮನೆ ಸಾಲಕ್ಕೆ ಅಡ್ಡ ಬರುತ್ತದೆ.

ತಪ್ಪಿದ್ದರೆ ಬೇಬಾಕಿ ಪತ್ರದೊಡನೆ ಬ್ಯಾಂಕಿಗೂ ಆ ಸಂಸ್ಥೆಗೂ ದೂರು ಕೊಡಿರಿ. 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂ. ಪರಿಹಾರ ನಿಮಗೆ ಸಲ್ಲಬೇಕು. ಗುದ್ದಲಿ ಪೂಜೆಗೆ ಮುನ್ನವೇ ಈ ಕೆಲಸ ಮುಗಿಸಿಕೊಳ್ಳಿರಿ.