ಬೀದರಕ್ಕೆ ಯಾರು, ಮನೆಗೆ ಯಾರು

ಕಮಠಾಣದಿಂದ ಬೀದರ ದೂರವೇನಲ್ಲ. ಬಸ್ಸು ತಪ್ಪಿದರೆ ಟಂಟಂ ಇದೆ. ಅಲ್ಲಿ ಬ್ರಿಮ್ಸ್ ಇದೆ. 2007ರಲ್ಲಿ ಶುರುವಾದ ಈ ಸರ್ಕಾರಿ ವೈದ್ಯಕೀಯ ಕಾಲೇಜಿನ ಜತೆಗೆ ಖಾಸಗಿ ದವಾಖಾನೆಗಳೂ ಸಾಲುಸಾಲಾಗಿವೆ. ಎದೆಗೊಬ್ಬರು, ಎಲುಬಿಗೊಬ್ಬರು, ಕಿವಿಗೊಬ್ಬರು ತಜ್ಞರು ಸಿಗುತ್ತಾರೆ. ಇಷ್ಟೆಲ್ಲ ಹತ್ತಿರದಲ್ಲೇ ಇರುವಾಗ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಎಂಬಿಬಿಎಸ್ ವೈದ್ಯ ಕುಳಿತು ಮಾಡುವುದೇನು? "ಅಲ್ಲೇನದ ರೀ, ಬರೇ ಗುಳಿಗಿ ಕೊಡ್ತಾರ" ಎಂಬ ಮಾತು ಈ ಭಾಗದ ಯಾವ ಹಳ್ಳಿಕಟ್ಟೆಯ ಮೇಲೂ ಕೇಳಿಬರುತ್ತದೆ.

1961ರಲ್ಲಿ ಅಮೆರಿಕದ ಕೆರ್ ವೈಟ್ ಮತ್ತು ಸಂಗಡಿಗರು ಒಂದು ಸರಳ ಲೆಕ್ಕ ಹಾಕಿದರು. ಸಾವಿರ ಮಂದಿ ವಯಸ್ಕರಲ್ಲಿ ಒಂದು ತಿಂಗಳಿಗೆ ಸುಮಾರು 750 ಮಂದಿಗೆ ಏನಾದರೊಂದು ತೊಂದರೆ ಆಗುತ್ತದೆ. ಅವರಲ್ಲಿ 250 ಮಂದಿ ವೈದ್ಯರ ಬಳಿ ಹೋಗುತ್ತಾರೆ. ಆಸ್ಪತ್ರೆಗೆ ದಾಖಲಾಗುವವರು 9, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ತನಕ ಹೋಗುವವರು ಒಬ್ಬರೇ. ದೇಶ ಬೇರೆ, ಕಾಲವೂ ಬೇರೆ. ಆದರೂ ಲೆಕ್ಕದ ಒಳಗುಟ್ಟು ನಮಗೂ ಹೊಂದುತ್ತದೆ. ಆ 250 ಮಂದಿಯ ನಡುವೆ ಆ ಒಬ್ಬರನ್ನು ಗುರುತಿಸಿ ಬೀದರಕ್ಕೆ ಕಳಿಸುವುದು, ಉಳಿದವರನ್ನು ವಿನಾಕಾರಣ ಕಳಿಸದೆ ಇರುವುದು, ಇದೇ ಕುಟುಂಬ ವೈದ್ಯರ ಕಸಬು. ಸ್ಕ್ಯಾನಿಂಗ್ ಯಂತ್ರವಿಲ್ಲದೆ, ಒಬ್ಬೊಬ್ಬರಿಗೆ ಸಿಗುವ ನಾಲ್ಕೈದು ನಿಮಿಷದಲ್ಲಿ ಇದನ್ನು ಮಾಡಬೇಕು.

ಮಳೆಗಾಲದ ಜ್ವರವನ್ನೇ ತೆಗೆದುಕೊಳ್ಳಿ. ಹೆಸರು, ಉದ್ದು ಕೀಳುವ ಹೊತ್ತಿಗೆ ಹೊರರೋಗಿಗಳ ಸಾಲು ಅಂಗಳಕ್ಕೆ ಬಂದಿರುತ್ತದೆ. "ಸಾಬ್, ಮೈಕೈ ಹರಿಲತ್ತಾವ, ಒಂದು ಸೂಜಿ ಮಾಡ್ರಿ." ಮೊದಲ ಎರಡು ಮೂರು ದಿನದ ಜ್ವರಗಳಲ್ಲಿ ಹೆಚ್ಚಿನವು ವೈರಸ್ಸಿನವು, ತಾವಾಗಿ ಇಳಿಯುವಂಥವು. ಅವಕ್ಕೆ ಬೇಕಾದದ್ದು ಪ್ಯಾರಾಸಿಟಮಾಲ್, ನೀರು, ವಿಶ್ರಾಂತಿ. ಆದರೆ ಇಷ್ಟು ಹೇಳಿ ಕಳಿಸುವ ಮೊದಲು ವೈದ್ಯರ ಕಣ್ಣು ಬೇರೆ ಕೆಲಸ ಮಾಡುತ್ತಿರುತ್ತದೆ. ಕುತ್ತಿಗೆ ಬಾಗುತ್ತದೆಯೇ, ಉಸಿರು ಏರಿದೆಯೇ, ಮಾತು ತೊದಲುತ್ತಿದೆಯೇ, ಮೈಮೇಲೆ ಕೆಂಪು ಚುಕ್ಕೆಗಳಿವೆಯೇ, ಬೆಳಗಿನಿಂದ ಮೂತ್ರ ಆಗಿದೆಯೇ? ಇವುಗಳಲ್ಲಿ ಒಂದರಲ್ಲಿ ತೊಂದರೆ ಕಂಡರೂ ಲೆಕ್ಕ ಬದಲಾಗುತ್ತದೆ. ಇಲ್ಲದಿದ್ದರೆ, "ಮೂರು ದಿನ ನೋಡೋಣ, ಇಳೀದಿದ್ರ ಬರ್ರಿ." ಕೇಳುವವರಿಗೆ ಇದು ಉಡಾಫೆಯ ಮಾತಿನಂತೆ ಕಾಣುತ್ತದೆ. ಕುಟುಂಬ ವೈದ್ಯಶಾಸ್ತ್ರದಲ್ಲಿ ಕಾಲವೂ ಒಂದು ಪರೀಕ್ಷೆ. ಮೊದಲ ದಿನ ಎಲ್ಲ ಜ್ವರಗಳೂ ಒಂದೇ ಮುಖದವು, ನಾಲ್ಕನೆಯ ದಿನಕ್ಕೆ ತಮ್ಮ ಗುರುತು ತೋರಿಸುತ್ತವೆ.

ಆತುರಪಟ್ಟರೆ ಆಗುವ ಅನಾಹುತಕ್ಕೆ ಡೆಂಗಿಯೇ ಉದಾಹರಣೆ. ಮೈನೋವಿಗೆಂದು ಅಲ್ಲಲ್ಲಿ ಚುಚ್ಚುವ ಡೈಕ್ಲೋಫಿನ್ಯಾಕ್ ಸೂಜಿ ಡೆಂಗಿಯಲ್ಲಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಇನ್ನೊಂದು ಸಂಗತಿ ಮನೆಯವರಿಗೆ ತಿಳಿದಿರುವುದಿಲ್ಲ. ಡೆಂಗಿಯ ಅಪಾಯದ ಗಳಿಗೆ ಜ್ವರ ಏರಿದಾಗಿನದಲ್ಲ, ಇಳಿಯುವಾಗಿನದು. "ಉರಿ ಬಿಟ್ಟಾವ" ಎಂದು ಸಮಾಧಾನಪಟ್ಟ ದಿನವೇ ಹೊಟ್ಟೆನೋವು, ಮೇಲಿಂದಮೇಲೆ ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ಟೈಫಾಯ್ಡಿನ ಕಥೆ ಇದಕ್ಕೆ ತಿರುಗುಮುರುಗು. ವಿಡಾಲ್ ಪರೀಕ್ಷೆ ಪಾಸಿಟಿವ್ ಬಂತೆಂದರೆ ಟೈಫಾಯ್ಡ್ ಆಯಿತೆಂದೇ ನಮ್ಮಲ್ಲಿ ನಂಬಿಕೆ. ಹಿಂದೆಂದೋ ಆದ ಸೋಂಕಿಗೂ ಅದು ಪಾಸಿಟಿವ್ ತೋರಿಸುತ್ತದೆ. ಆ ಒಂದು ಚೀಟಿ ನೋಡಿ ವಾರಗಟ್ಟಲೆ ಆಂಟಿಬಯೋಟಿಕ್ ನುಂಗಿದವರಿಗೆ ಲೆಕ್ಕವಿಲ್ಲ.

ಇನ್ನು ವಾರಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರ. ಕೀಲುನೋವು, ರಾತ್ರಿ ಬೆವರು, ದಿನದಿನಕ್ಕೆ ಸೊರಗುವ ಮೈ. ಮೊದಲು ನೆನಪಾಗುವುದು ಕ್ಷಯ; ಕಫ ಪರೀಕ್ಷೆ ಆಗಲೇಬೇಕು. ಅದಲ್ಲವೆಂದಾದರೆ ಈ ಸೀಮೆಯ ಅನುಭವಿ ವೈದ್ಯರು ಕೇಳುವ ಪ್ರಶ್ನೆ ಬೇರೆ: "ಮನ್ಯಾಗ ದನ ಅವಾ? ಯಾವುದಾದ್ರೂ ಆಕಳು ಕಂದು ಹಾಕ್ಯಾದೇನು?" ದೇವಣಿ ತಳಿಯ ದನಕ್ಕೆ ಹೆಸರಾದ ಜಿಲ್ಲೆ ಇದು. ಬೀದರದ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ದನಗಳಲ್ಲಿ ಗರ್ಭಪಾತ ಮಾಡಿಸುವ ಬ್ರುಸೆಲ್ಲಾ ರೋಗಾಣು ಹಸಿಹಾಲಿನಿಂದ, ಬರಿಗೈಯಲ್ಲಿ ಕರು ಎಳೆಯುವುದರಿಂದ ಮನುಷ್ಯರಿಗೂ ಅಂಟುತ್ತದೆ. ಗೊತ್ತಾದರೆ ಆರು ವಾರಗಳ ಗುಳಿಗೆಯಲ್ಲಿ ವಾಸಿಯಾಗುವ ರೋಗ. ದನದ ಮಾತು ಕೇಳದಿದ್ದರೆ ಮಾತ್ರ ಎಷ್ಟು ಪರೀಕ್ಷೆ ಮಾಡಿಸಿದರೂ ಸಿಗುವುದಿಲ್ಲ.

ಜ್ವರದ ನಂತರದ ಸಾಲು ನಿಶ್ಶಕ್ತಿಯದು. "ತ್ರಾಣೇ ಇಲ್ಲ ರೀ, ಒಂದು ಸಲಾಯಿನ್ ಹಚ್ಚರಿ." ಅರ್ಧ ಲೀಟರಿನ ಶೇ 5ರ ಗ್ಲುಕೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ, ಅಂದರೆ ಚಹಾ ಚಮಚದಲ್ಲಿ ಐದಾರು ಚಮಚ. ಇದಕ್ಕೆ ನೂರಾರು ರೂಪಾಯಿ ತೆತ್ತು ಒಂದು ತಾಸು ಮಲಗಿ ಬರುತ್ತೇವೆ. ತಾಸು ಹೊತ್ತು ಮಲಗಿದ್ದರಿಂದ ಹಾಯೆನಿಸುವುದು ನಿಜ. ಹೊಲ, ಒಲೆ, ಮಕ್ಕಳ ನಡುವೆ ಹೆಂಗಸರಿಗೆ ಹಗಲಲ್ಲಿ ಮಲಗಲು ಬೇರೆ ನೆಪವಾದರೂ ಎಲ್ಲಿದೆ? ವೈದ್ಯರು ಮೊದಲು ಕೆಳರೆಪ್ಪೆ ಎಳೆದು ನೋಡುತ್ತಾರೆ. ಅದು ಬಿಳಿಚಿದ್ದರೆ ಹಿಮೋಗ್ಲೋಬಿನ್ ಪರೀಕ್ಷೆ. 12ಕ್ಕಿಂತ ಕಡಿಮೆ ಇದ್ದರೆ, ಗರ್ಭಿಣಿಯಾದರೆ 11ಕ್ಕಿಂತ ಕಡಿಮೆ ಇದ್ದರೆ, ಅದು ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ಬೀದರಕ್ಕೆ. ಕಬ್ಬಿಣಾಂಶದ ಕೆಂಪು ಗುಳಿಗೆ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಅದನ್ನು ಕೊಡುವಾಗ ಎರಡು ಮಾತು ಹೇಳದಿದ್ದರೆ ಅದು ತಿಪ್ಪೆ ಸೇರುವುದೇ ಹೆಚ್ಚು. ಮಲ ಕಪ್ಪಗಾಗುತ್ತದೆ, ಅಂಜಬೇಡಿ. ಚಹಾದ ಜತೆ ನುಂಗಬೇಡಿ, ನಿಂಬೆಹಣ್ಣಿನ ಪಾನಕದ ಜತೆ ನುಂಗಿ.

ಕೆಲವೊಮ್ಮೆ ಹಿಮೋಗ್ಲೋಬಿನ್ ಸರಿಯಿರುತ್ತದೆ, ಸಕ್ಕರೆಯೂ ಸರಿಯಿರುತ್ತದೆ. ಚೀಟಿ ಹಿಡಿದು ಎದ್ದ ಹೆಂಗಸು ಬಾಗಿಲ ಬಳಿ ನಿಂತು "ಇನ್ನೊಂದು ಮಾತದ ರೀ" ಎನ್ನುತ್ತಾಳೆ. ಗಂಡನ ಕುಡಿತ, ಸಾಲ, ನಿದ್ದೆ ಬಾರದ ರಾತ್ರಿಗಳು ಆಗ ಹೊರಬೀಳುತ್ತವೆ. ಅವಳು ನಿಜವಾಗಿ ಬಂದದ್ದು ಆ ಮಾತಿಗೆ. ಹೊರಗೆ ಸಾಲು ಎಷ್ಟೇ ಉದ್ದವಿರಲಿ, ಬಲ್ಲ ವೈದ್ಯರು ಮತ್ತೆ ಕುರ್ಚಿ ತೋರಿಸುತ್ತಾರೆ.

ಬಿಪಿ ನೋಡುವುದು ಸುಲಭದ ಕೆಲಸ ಎಂದು ಎಲ್ಲರ ಭಾವನೆ. ನಾನು ಕಂಡಂತೆ ಅತಿ ಹೆಚ್ಚು ತಪ್ಪುವುದೇ ಅಲ್ಲಿ. ಬಸ್ ನಿಲ್ದಾಣದಿಂದ ನಡೆದು ಬಂದ ಮುತ್ಯಾನ ತೋಳಿಗೆ ಅಂಗಿಯ ಮೇಲೆಯೇ ಪಟ್ಟಿ ಸುತ್ತಿ, ಅವನು ಮಾತಾಡುತ್ತಿರುವಾಗಲೇ ಗಾಳಿ ತುಂಬಿದರೆ ಬರುವ ಅಂಕಿ ಯಾರದೋ! ಸರಿಯಾದ ಕ್ರಮ ಹೀಗೆ: ಐದು ನಿಮಿಷ ಬೆನ್ನಿಗೆ ಆನಿಕೆ ಕೊಟ್ಟು ಕೂರಿಸಬೇಕು, ಪಾದ ನೆಲಕ್ಕೆ ಊರಿರಬೇಕು, ಮೂತ್ರ ಕಟ್ಟಿಕೊಂಡಿರಬಾರದು, ಬರಿತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಬೇಕು, ಮಾತು ಬಂದ್. "ಮುತ್ಯಾ, ಬೀಡಿ ಸೇದಿ ಎಷ್ಟೊತ್ತಾಯ್ತು?" ಎಂದು ಕೇಳಬೇಕು, ಅರ್ಧ ತಾಸು ಆಗಿರದಿದ್ದರೆ ಕಾಯಬೇಕು. 140/90ಕ್ಕಿಂತ ಹೆಚ್ಚು ಬಂದರೂ ಮೊದಲ ಸಲಕ್ಕೇ ರೋಗದ ಹಣೆಪಟ್ಟಿ ಹಚ್ಚುವಂತಿಲ್ಲ. ತೀರಾ ಏರಿಲ್ಲದಿದ್ದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಹಾಗೆ ಖಚಿತವಾದ ಮೇಲೆ ಗುಳಿಗೆ ಶುರು. ಅಲ್ಲಿಂದ ಮುಂದೆ ಕಷ್ಟದ ಭಾಗ. "ತಲಿ ನೂಸಂಗಿಲ್ಲ, ಬಿಪಿ ಹೋಗ್ಯಾದ" ಎಂದು ಎರಡು ತಿಂಗಳಿಗೇ ನಿಲ್ಲಿಸುವವರೇ ಬಹಳ. ಬಿಪಿಗೆ ಹೆಚ್ಚಾಗಿ ಲಕ್ಷಣವೇ ಇರುವುದಿಲ್ಲ. ಲಕವಾ ಹೊಡೆದಾಗ ಗೊತ್ತಾಗುತ್ತದೆ.

ಬ್ರಿಟನ್ನಿನ ವೇಲ್ಸ್‌ನಲ್ಲಿ ಗ್ಲಿನ್‌ಕೊರಗ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿ. ಅಲ್ಲಿ ಜೂಲಿಯನ್ ಟ್ಯೂಡರ್ ಹಾರ್ಟ್ ಎಂಬ ವೈದ್ಯರು ತಮ್ಮ ಊರಿನ ಎಲ್ಲರ ಬಿಪಿಯನ್ನೂ, ತಲೆನೋವೆಂದು ಬಂದವರದು ಮಾತ್ರವಲ್ಲ, ಅಳೆದು ಬರೆದಿಟ್ಟರು. ಚಿಕಿತ್ಸೆ ಹೆಚ್ಚು ಬೇಕಾದ ಕಡೆ ಅದು ಕಡಿಮೆ ಸಿಗುತ್ತದೆ ಎಂದು 1971ರಲ್ಲಿ ಲೇಖನ ಬರೆದವರೂ ಅವರೇ. ಕಲ್ಯಾಣ ಕರ್ನಾಟಕದವರಿಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ಕೆಮ್ಮಿಗೆ ಬೇಕಾದ ಮುಖ್ಯ ಸಲಕರಣೆ ಕೈಗಡಿಯಾರ. ತಾಯಿಯ ತೊಡೆಯ ಮೇಲೆ ಸುಮ್ಮನಿರುವ ಕೂಸಿನ ಅಂಗಿ ಮೇಲೆತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಇದನ್ನು ಮುಟ್ಟಿದರೆ ನ್ಯುಮೋನಿಯಾ ಎಂದು ತಿಳಿದು ನಡೆಯಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರಂತೂ ಬೀದರವೇ. ಭೇದಿಗೆ ಓಆರ್‌ಎಸ್, ಸತುವಿನ ಗುಳಿಗೆ 14 ದಿನ. ಇದನ್ನು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿ ಹೇಳಿ ಈಗ ಬಹಳ ಮಂದಿಗೆ ಬಾಯಿಪಾಠ.

ಹಾವು ಕಚ್ಚಿದಾಗಲೂ ಈ ಚಿಕ್ಕ ದವಾಖಾನೆಗೆ ಒಂದು ಜಾಣ ಪರೀಕ್ಷೆ ಸಾಧ್ಯ. ಒಣಗಿದ ಶುದ್ಧ ಗಾಜಿನ ನಳಿಕೆಗೆ ಎರಡು ಎಂಎಲ್ ರಕ್ತ ಹಾಕಿ ಅಲುಗಾಡಿಸದೆ 20 ನಿಮಿಷ ನಿಲ್ಲಿಸುವುದು, ಆಮೇಲೆ ಒಮ್ಮೆ ವಾಲಿಸುವುದು. ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದಂಥ ಹಾವಿನ ವಿಷ ಏರಿದೆಯೆಂದು ಅರ್ಥ, ಪ್ರತಿವಿಷ ತಡಮಾಡುವಂತಿಲ್ಲ. ನಾಗರ, ಕಟ್ಟುಹಾವಿನ ವಿಷ ನರಕ್ಕೆ ಹೋಗುವುದರಿಂದ ಅಲ್ಲಿ ನೋಡಬೇಕಾದದ್ದು ರೆಪ್ಪೆ ಜೋಲುತ್ತಿದೆಯೇ ಎಂದು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವನ್ನಾಗಿ ಮಾಡಿತು. ಮಂತ್ರಕ್ಕೆಂದು ಮೊದಲ ತಾಸು ಕಳೆಯುವುದು ಇನ್ನೂ ನಿಂತಿಲ್ಲ.

ಎದೆ ಉರಿ ವೈದ್ಯರನ್ನು ಹೆಚ್ಚು ಅಂಜಿಸುವ ದೂರು. ಹತ್ತರಲ್ಲಿ ಒಂಬತ್ತು ಸಲ ಖಾರದ್ದೋ ಗ್ಯಾಸಿನದೋ ಇದ್ದೀತು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಬೀಡಿ ಸೇದುವವರು ಬೆವರುತ್ತಾ ಬಂದು "ಗ್ಯಾಸ್ ಆಗ್ಯಾದ" ಎಂದರೆ ನಂಬದೆ ಇಸಿಜಿ ತೆಗೆಸಬೇಕು. ಸಕ್ಕರೆ ಕಾಯಿಲೆಯಲ್ಲಿ ಹೃದಯಾಘಾತ ನೋವೇ ಇಲ್ಲದೆ ಆಗಬಹುದು. ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಅಲ್ಲಿಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವುದು ಊರಿನ ವೈದ್ಯರ ಮತ್ತು 108ರ ಪಾಲಿನದು.

ಬೀದರಕ್ಕೆ ಸಾರ್ವಜನಿಕ ವೈದ್ಯ ಹೊಸದಲ್ಲ. ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ ಷಾ (ಆಳ್ವಿಕೆ 1436–58) ಇಲ್ಲಿ ಆಸ್ಪತ್ರೆ ಕಟ್ಟಿಸಿ, ಖರ್ಚಿಗೆ ಹಳ್ಳಿಗಳನ್ನು ಉಂಬಳಿ ಬಿಟ್ಟು, ಹಿಂದೂ ಮುಸ್ಲಿಂ ಇಬ್ಬರೂ ವೈದ್ಯರನ್ನು ನೇಮಿಸಿದ್ದನ್ನು ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಈಗಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಬೇರು 1946ರ ಭೋರ್ ಸಮಿತಿ ವರದಿಯಲ್ಲಿದೆ. ಬಯಲುಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಕೇಂದ್ರ ಎಂಬುದು ಇಂದಿನ ಮಾನದಂಡ.

ಈ ವ್ಯವಸ್ಥೆಯ ದೊಡ್ಡ ಕೊರತೆ ಕಟ್ಟಡದ್ದೂ ಅಲ್ಲ, ಔಷಧದ್ದೂ ಅಲ್ಲ, ಕುರ್ಚಿಯಲ್ಲಿರುವವರು ಬದಲಾಗುತ್ತಲೇ ಇರುವುದು ಎಂಬುದು ನನ್ನ ಅಭಿಪ್ರಾಯ. ಕಡ್ಡಾಯ ಗ್ರಾಮೀಣ ಸೇವೆಗೋ ಗುತ್ತಿಗೆಗೋ ಬಂದ ಯುವ ವೈದ್ಯರು ಊರಿನ ಮುಖಗಳು ಪರಿಚಯವಾಗುವ ಹೊತ್ತಿಗೆ ಪಿಜಿ ಓದಲು ಹೊರಡುತ್ತಾರೆ. ಅವರನ್ನು ದೂರುವಂತಿಲ್ಲ, ಹಳ್ಳಿಯಲ್ಲೇ ಉಳಿದವರಿಗೆ ಏಳಿಗೆಯ ದಾರಿಯನ್ನು ನಾವು ಮಾಡಿಲ್ಲ. ಒಬ್ಬರೇ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ತೋರಿಸಿಕೊಂಡವರಲ್ಲಿ ಸಾವಿನ ಸಂಭವ, ವೈದ್ಯರನ್ನು ಹೊಸದಾಗಿ ಕಂಡವರಿಗಿಂತ ಸುಮಾರು ಕಾಲು ಭಾಗ ಕಡಿಮೆ ಇತ್ತೆಂದು ನಾರ್ವೆಯ ದೊಡ್ಡ ಅಧ್ಯಯನವೊಂದು ಹೇಳಿದೆ. ನಮ್ಮಲ್ಲಿ ಊರಿನ ಆರೋಗ್ಯದ ನೆನಪನ್ನು ಹಿಡಿದಿಟ್ಟವರು ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಸುರಕ್ಷಾಧಿಕಾರಿಗಳು. ಯಾರ ಮನೆಯಲ್ಲಿ ಲಕವಾ ಹೊಡೆದಿತ್ತು, ಯಾರ ಸೊಸೆಗೆ ಹೋದ ಹೆರಿಗೆಯಲ್ಲಿ ರಕ್ತ ಹೋಗಿತ್ತು ಎಂಬುದು ಅವರಿಗೆ ಗೊತ್ತು. ಹೊಸ ವೈದ್ಯರು ಮೊದಲ ವಾರ ಅವರ ಬಳಿ ಕುಳಿತು ಕೇಳಿಕೊಂಡರೆ ಅರ್ಧ ಕೆಲಸ ಆದಂತೆ.

ವೈದ್ಯರು ಬದಲಾಗುವುದು ನಮ್ಮ ಕೈಯಲ್ಲಿಲ್ಲ, ಚೀಟಿ ಇಟ್ಟುಕೊಳ್ಳುವುದು ಇದೆ. ಹಳೆಯ ಚೀಟಿ, ರಕ್ತ ಪರೀಕ್ಷೆಯ ವರದಿ, ಖಾಲಿಯಾದ ಗುಳಿಗೆಯ ಪಟ್ಟಿ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟು ಪ್ರತಿ ಸಲ ಒಯ್ಯಿರಿ. ಬಿಪಿ, ಸಕ್ಕರೆಯ ಗುಳಿಗೆಯನ್ನು ಕೇಳದೆ ನಿಲ್ಲಿಸಬೇಡಿ. ಸೂಜಿ ಮಾಡದ ವೈದ್ಯರ ಮೇಲೆ ಸಿಟ್ಟಾಗುವ ಮೊದಲು "ಯಾವ ಲಕ್ಷಣ ಕಂಡ್ರ ತಿರುಗಿ ಬರಬೇಕ್ರಿ?" ಎಂದೊಮ್ಮೆ ಕೇಳಿ ಬನ್ನಿ.